ಎಳೆ ಸಂಖ್ಯೆ ಒಂಬತ್ತು

ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ಕೆಳಗಿಡುವ ಮೊದಲೇ “ಹುಡುಗೀದು ಎಳಿ ಎಷ್ಟ್ರೀ?” ಎಂದು ಕೇಳುವ ಕಾಲ ಹುಬ್ಬಳ್ಳಿಗೆ ಬಂದಿತ್ತು. ಆ ಕಾಲವನ್ನು ತಂದವನು ಡಾಕ್ಟರ್ ಮಾಲತೇಶ ಅಣ್ಣಿಗೇರಿ. ಅವನು ತರಲು ಹೊರಟಿದ್ದು ಮಾತ್ರ ಬೇರೆ ಏನನ್ನೋ.

ಮಾಲತೇಶನ ತಾಯಿಯ ತಂದೆ, ಆಮೇಲೆ ಆಕೆಯ ಅಣ್ಣ, ಇಬ್ಬರೂ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡಿದ್ದರು. ಊರವರು ಆಕೆಯ ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಬೆನ್ನ ಹಿಂದೆ ಮಾತ್ರ “ಅದು ಅವರ ಮನೆತನದಾಗ ಐತಿ” ಎನ್ನುತ್ತಿದ್ದರು. ಆ ಮಾತಿಗೆ ಹೆದರಿ ಆಕೆ ಮದುವೆ ಮುಂಜಿಗಳಿಗೂ ಹೋಗುವುದನ್ನು ಬಿಟ್ಟಿದ್ದಳು. ಮಗ ತಳಿವಿಜ್ಞಾನ ಓದಿದ್ದು ಆ ಪಿಸುಮಾತಿಗೊಂದು ಉತ್ತರ ಹುಡುಕಲಿಕ್ಕೆ. ಸಕ್ಕರೆ ಕಾಯಿಲೆಯ ಹಾಗೆ, ರಕ್ತದೊತ್ತಡದ ಹಾಗೆ ಇದನ್ನೂ ಒಂದು ಆರೋಗ್ಯದ ವಿಷಯ ಮಾಡಿಬಿಟ್ಟರೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ ಎಂಬುದು ಅವನ ಆಸೆಯಾಗಿತ್ತು.

ಇದಕ್ಕೆಲ್ಲ ಕಾರಣವಾದ ಒಂದೇ ಒಂದು ಜೀನ್ ಎಲ್ಲೂ ಇಲ್ಲ ಎಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಡಿಎನ್‌ಎಯ ಉದ್ದಕ್ಕೂ ಚೆದುರಿಕೊಂಡಿರುವ ಸಾವಿರಾರು ಪುಟ್ಟ ವ್ಯತ್ಯಾಸಗಳು ಒಂದೊಂದೂ ಸಾಸಿವೆಯಷ್ಟು ತೂಕ ಹಾಕುತ್ತವೆ. ಕೆಲವಕ್ಕೆ ಮೆದುಳು ಆತಂಕವನ್ನು ತಾಳಿಕೊಳ್ಳುವ ಬಗೆಯೊಂದಿಗೆ ಸಂಬಂಧ, ಕೆಲವಕ್ಕೆ ನಿದ್ದೆಯೊಂದಿಗೆ, ಕೆಲವಕ್ಕೆ ದುಡುಕಿನೊಂದಿಗೆ. ಬಹಳಷ್ಟು ಏನು ಮಾಡುತ್ತವೆಂದು ಇನ್ನೂ ಯಾರಿಗೂ ತಿಳಿಯದು. ಮಾಲತೇಶ ಮತ್ತು ಅವನ ಜೊತೆಯವರು ಲಕ್ಷಾಂತರ ಜನರ ಉಗುಳಿನ ಮಾದರಿ ಪಡೆದು, ಆ ಸಾಸಿವೆಗಳನ್ನೆಲ್ಲ ಕೂಡಿಸಿ, ಸೊನ್ನೆಯಿಂದ ನೂರರೊಳಗೆ ಒಂದು ಅಂಕಿಯನ್ನು ಹೊರಡಿಸುವ ವಿಧಾನ ಕಂಡುಹಿಡಿದರು. ಅದಕ್ಕೆ ಎಳೆ ಸಂಖ್ಯೆ ಎಂದು ಹೆಸರಿಟ್ಟರು. ತನ್ನ ಪ್ರಬಂಧದಲ್ಲಿ ಅವನೇ ಬರೆದಿದ್ದ: ಈ ಸಂಖ್ಯೆ ಒಟ್ಟು ಅಪಾಯದ ಒಂದು ಚಿಕ್ಕ ಪಾಲನ್ನು ಮಾತ್ರ ಹೇಳುತ್ತದೆ, ಉಳಿದದ್ದೆಲ್ಲ ಮನುಷ್ಯನ ಬದುಕಿನಲ್ಲಿದೆ. ಆದರೆ ಪ್ರಬಂಧವನ್ನು ಓದಿದವರೆಷ್ಟು ಮಂದಿ? ಟಿವಿಯವರು ಅವನನ್ನು ದೀಪದ ಬೆಳಕಿನಲ್ಲಿ ಕೂರಿಸಿಕೊಂಡು “ಜನಕ್ಕೆ ಅರ್ಥ ಆಗೋ ಹಾಗೆ ಒಂದೇ ಮಾತಲ್ಲಿ ಹೇಳಿ ಡಾಕ್ಟ್ರೇ” ಎಂದರು. ಅವನು ಒಂದೇ ಮಾತಿನಲ್ಲಿ ಹೇಳಿದ.

“ಎಪ್ಪತ್ತರ ಮೇಲಿದ್ದರೆ ನಾವು ನಿಮ್ಮ ಜೊತೆಗಿರುತ್ತೇವೆ. ಇಪ್ಪತ್ತರ ಒಳಗಿದ್ದರೆ ನಿಶ್ಚಿಂತೆಯಿಂದಿರಿ.”

ಸರ್ಕಾರ ಆ ಮಾತನ್ನೇ ಹಿಡಿದು ‘ಆಸರೆ’ ಎಂಬ ಯೋಜನೆ ತಂದು, ರಾಜ್ಯದವರೆಲ್ಲರ ಉಗುಳು ಪಡೆದು ಅವರವರ ಎಳೆ ಸಂಖ್ಯೆ ತಿಳಿಸಿತು. ಎಪ್ಪತ್ತು ದಾಟಿದವರ ಮನೆಗೆ ವಾರಕ್ಕೊಮ್ಮೆ ತರಬೇತಿ ಪಡೆದ ಹೆಂಗಸೊಬ್ಬಳು ಬಂದು ಕೂತು, ಹೇಗಿದ್ದೀರಿ ಎಂದು ಕೇಳಿ ಹೋಗುತ್ತಿದ್ದಳು. ಜನ ಅವಳನ್ನು ಆಸರೆ ಅಕ್ಕ ಎಂದರು. ಉಳಿದವರಿಗೊಂದು ದೂರವಾಣಿ ಸಂಖ್ಯೆ ಕೊಟ್ಟರು. ಮೊದಲ ವಾರವೇ ಕರೆಗಳ ಪ್ರವಾಹ ಬಂದು ಕೇಂದ್ರದವರು ತತ್ತರಿಸಿಹೋದರು. ಆಗ ಮಾಲತೇಶ ಒಂದು ನಿಯಮ ಮಾಡಿದ. ಕರೆ ಮಾಡಿದವರು ಮೊದಲು ತಮ್ಮ ಎಳೆ ಸಂಖ್ಯೆ ಒತ್ತಬೇಕು, ಅದು ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಯಂತ್ರವೇ ಉತ್ತರ ಹೇಳಿ ಕರೆಯನ್ನು ಮುಗಿಸಬೇಕು. ಆ ಉತ್ತರ ಯಾರ ದನಿಯಲ್ಲಿರಬೇಕು ಎಂಬ ಚರ್ಚೆ ಬಂದಾಗ ಎಲ್ಲರೂ ಅವನ ಕಡೆಗೇ ನೋಡಿದರು. ಇಡೀ ರಾಜ್ಯ ನಂಬಿದ್ದ ದನಿ ಅದು.

ಅವನ ಮನೆಯಿದ್ದದ್ದು ವಿಜಯನಗರದಲ್ಲಿ. ಪಕ್ಕದ ಮನೆಯ ಫಕೀರಪ್ಪ ಒಂದು ಖಾಸಗಿ ಸಾಲೆಯ ಬಸ್ಸಿನ ಡ್ರೈವರ್ ಆಗಿದ್ದ. ಅವನ ಎಳೆ ಎಂಬತ್ತೆಂಟು ಎಂದು ಗೊತ್ತಾದ ವಾರವೇ ಸಾಲೆಯವರು ಅವನ ಕೈಯಿಂದ ಕೀಲಿ ಇಸಿದುಕೊಂಡು ಗೇಟಿನ ಹತ್ತಿರ ಸ್ಟೂಲು ಹಾಕಿ ಕೂರಿಸಿದರು. ಮನೆಯಲ್ಲಿ ಹೆಂಡತಿ ಮಕ್ಕಳು ಅವನನ್ನು ಗಾಜಿನ ಸಾಮಾನಿನ ಹಾಗೆ ನೋಡತೊಡಗಿದರು. ಅವನು ಅಂಗಳದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಸಾಕು, ಒಳಗಿನಿಂದ ಯಾರಾದರೊಬ್ಬರು ಇಣುಕುತ್ತಿದ್ದರು.

ಒಂದು ಬೆಳಿಗ್ಗೆ ಮಾಲತೇಶ ಕಾರು ಹತ್ತುವಾಗ ಫಕೀರಪ್ಪ ಗೇಟಿಗೆ ಬಂದ.

“ಡಾಕ್ಟರ್ ಸಾಹೇಬ್ರ, ಒಂದು ಮಾತು. ಇಷ್ಟು ವರ್ಷ ಗಾಡಿ ಓಡಸೇನ್ರೀ, ಒಂದು ನಾಯಿಗೆ ಸೈತ ಗಾಲಿ ತಾಗಸಿಲ್ಲ. ನನಗ ಎಂದೂ ಅಂಥಾ ಇಚಾರನೂ ಬಂದಿಲ್ಲ. ಈಗ ನನ್ನ ಉಗುಳು ನೋಡಿ, ಹುಡುಗೂರನ್ನ ಕೂಡಿಸಿಕೊಂಡು ಎಲ್ಯರ ಹಾರಿಸಿಬಿಡ್ತಾನ ಅಂದ್ರ ಹೆಂಗ್ರೀ?”

“ನಾ ಹಂಗ ಹೇಳಿಲ್ಲ ಫಕೀರಪ್ಪ. ಅದು ಸಾಲಿಯವರು ತಾವ ಮಾಡಿದ್ದು,” ಎಂದ ಮಾಲತೇಶ. “ನೀ ನಾಚಿಕಿ ಪಡುವಂಥಾದ್ದು ಏನೂ ಇಲ್ಲ. ಶುಗರ್ ಇದ್ದಂಗ ಇದು.”

“ಶುಗರ್ ಇದ್ದವರ ಮಗಳನ್ನ ಯಾರೂ ಬ್ಯಾಡ ಅನ್ನಂಗಿಲ್ರೀ,” ಎಂದು ಫಕೀರಪ್ಪ ಒಳಗೆ ಹೋದ. ಅವನ ಮಗಳಿಗೆ ಬಂದಿದ್ದ ಸಂಬಂಧ ಹಿಂದಿನ ವಾರವಷ್ಟೇ ಮುರಿದಿತ್ತು. ಮಾಲತೇಶ ಕಾರಿನಲ್ಲಿ ಕೂತು ಬಹಳ ಹೊತ್ತು ಕೀಲಿ ತಿರುವಲಿಲ್ಲ.

ಅವನ ಹೆಂಡತಿ ನಾಗವೇಣಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಹುಡುಗರು ಅವಳ ಕ್ಲಾಸಿಗಾಗಿ ಕಾಯುತ್ತಿದ್ದರು, ಅಷ್ಟು ನಗಿಸುತ್ತಿದ್ದಳು. ಅವಳ ಎಳೆ ಒಂಬತ್ತು. ಮನೆಗೆ ಬಂದವರಿಗೆಲ್ಲ ಮಾಲತೇಶ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದ, ತಾನೇ ದುಡಿದು ತಂದ ಬಹುಮಾನದ ಹಾಗೆ.

ಆ ಮಳೆಗಾಲ ಕಳೆದ ಮೇಲೆ ನಾಗವೇಣಿ ಬೆಳಿಗ್ಗೆ ಎದ್ದು ಮಂಚದ ತುದಿಯಲ್ಲಿ ಹಾಗೆಯೇ ಕೂತುಬಿಡತೊಡಗಿದಳು. ಹೆರಳು ಅರ್ಧ ಹಾಕಿಕೊಂಡಿರುತ್ತಿದ್ದಳು, ಉಳಿದರ್ಧ ಹಾಕಿಕೊಳ್ಳಲು ಕೈ ಏಳುತ್ತಿರಲಿಲ್ಲ.

“ನನಗ ಯಾಕೋ ಸರಿ ಇಲ್ರೀ,” ಎಂದಳು ಒಂದು ದಿನ.

“ಜ್ವರ ಬಂದಾವೇನು?”

“ಇಲ್ಲ.”

“ಸಾಲ್ಯಾಗ ಯಾರರ ಏನರ ಅಂದ್ರೇನು?”

“ಇಲ್ಲ. ಏನೂ ಆಗಿಲ್ಲ. ಏನೂ ಆಗದನ ಹಿಂಗ ಆಗೇತಿ. ಅದಕ್ಕ ಅಂಜಿಕಿ ಬರತೈತಿ.”

ಮಾಲತೇಶ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ನಕ್ಕ. “ಒಂಬತ್ತರಾಕಿ ನೀ. ಕಲ್ಲು ಇದ್ದಂಗ ಅದಿ. ನೀ ಅಂಜಿದ್ರ ಊರ ಮಂದಿ ಏನು ಮಾಡಬೇಕು?”

ಅವಳೂ ನಕ್ಕಳು. ಆ ನಗು ಮುಖದ ಮೇಲೆ ಬಂದು ನಿಲ್ಲದೆ ಹೋದದ್ದನ್ನು ಅವನು ನೋಡಲಿಲ್ಲ. ಸಂಜೆ ಬರುವಾಗ ರಕ್ತ ಹೆಚ್ಚಿಸುವ ಗುಳಿಗೆ ತಂದು ಟೇಬಲ್ಲಿನ ಮೇಲಿಟ್ಟ. ಕೆಲಸ ಮುಗಿಯಿತೆಂದುಕೊಂಡ.

ಆಸರೆ ಕೇಂದ್ರವಿದ್ದದ್ದು ಅವನ ಪ್ರಯೋಗಾಲಯದ ಕೆಳಗಿನ ಮಹಡಿಯಲ್ಲಿ. ಗೋಡೆ ತುಂಬ ಪರದೆ, ಪರದೆಯ ಮೇಲೆ ರಾಜ್ಯದ ನಕ್ಷೆ, ಕರೆ ಬಂದ ಕಡೆಯಲ್ಲೆಲ್ಲ ಹಳದಿ ಚುಕ್ಕೆ. ಅಲ್ಲಿನ ಅಂಕಿಸಂಖ್ಯೆಗಳನ್ನು ನೋಡಿಕೊಳ್ಳುತ್ತಿದ್ದವಳು ಶಾಹೀನ್ ಮುಲ್ಲಾ, ಗದಗಿನ ಕಡೆಯ ಹುಡುಗಿ. ಸಂಖ್ಯಾಶಾಸ್ತ್ರ ಓದಿದವಳು. ಕರೆ ತೆಗೆದುಕೊಳ್ಳುವ ತರಬೇತಿಯನ್ನೂ ತಾನಾಗಿ ಕೇಳಿ ಪಡೆದಿದ್ದಳು. ದಿಲ್ಲಿಯಿಂದ ತಂಡವೊಂದು ಬರುವುದಿತ್ತು. ಇಡೀ ದೇಶಕ್ಕೆ ಎಳೆ ಸಂಖ್ಯೆಯನ್ನು ವಿಸ್ತರಿಸುವ ಮಾತು ನಡೆದಿತ್ತು. ಅದಕ್ಕಾಗಿ ಲೆಕ್ಕ ಸಿದ್ಧಮಾಡಿ ತರಲು ಮಾಲತೇಶ ಅವಳಿಗೆ ಹೇಳಿದ್ದ.

“ಮೇಲಿನ ಗುಂಪಿನ್ಯಾಗ ಸಾವು ಅರ್ಧಕ್ಕ ಇಳದಾವ ಸರ್,” ಎಂದು ಶಾಹೀನ್ ಪರದೆ ತೋರಿಸಿದಳು.

ಮಾಲತೇಶನ ಮುಖ ಅರಳಿತು. “ನೋಡ್ರಿ ಮತ್ತ!”

“ಕೆಳಗಿನ ಗುಂಪು ನೋಡ್ರಿ.”

ಕೆಳಗಿನ ಗುಂಪಿನಲ್ಲಿ ಒಂದೂ ಇಳಿದಿರಲಿಲ್ಲ. ನೋಡಿದರೆ ಸ್ವಲ್ಪ ಏರಿದಂತೆಯೇ ಇತ್ತು.

“ಇನ್ನೊಂದು ಐತಿ ಸರ್. ಎರಡು ತಾಲೂಕಿನ ಮಾದರಿ ಅದಲುಬದಲಿ ಆಗಿದ್ವಲ್ಲ, ನಿಮಗ ನೆನಪೈತೇನು? ಅಲ್ಲಿ ಆಸರೆ ಅಕ್ಕಗಳು ಒಂದು ವರ್ಷ ತಪ್ಪು ಮನೀಗೆ ಹೋಗ್ಯಾರ. ನಲವತ್ತು, ಮೂವತ್ತು ಇದ್ದವರ ಮನೀಗೆ. ಅಲ್ಲಿ ಲೆಕ್ಕಾ ತಗದು ನೋಡಿದ್ನಿ. ಆ ತಪ್ಪು ಮನಿಗಳೊಳಗೂ ಸಾವು ಅಷ್ಟ ಇಳದಾವ.” ಅವಳು ಪರದೆಯಿಂದ ಅವನ ಕಡೆಗೆ ತಿರುಗಿದಳು. “ಸಂಖ್ಯೆ ತಪ್ಪಿದ್ರೂ ಕೆಲಸ ಆಗೇತಿ. ಅಂದ್ರ ಕೆಲಸ ಮಾಡಿದ್ದು ಸಂಖ್ಯೆ ಅಲ್ಲ ಸರ್. ಹೋಗಿ ಕೂತು ಕೇಳ್ಯಾರಲ್ಲ, ಅದು.”

ಅವಳು ಹೇಳಿದ್ದು ಸರಿ ಎಂಬುದು ಮೊದಲ ನೋಟಕ್ಕೇ ಅವನಿಗೆ ತಿಳಿದಿತ್ತು. ತಿಳಿದದ್ದರಿಂದಲೇ ದನಿ ಗಡುಸಾಯಿತು.

“ಎರಡು ತಾಲೂಕು ಅಂದ್ರ ಸಣ್ಣ ಲೆಕ್ಕ. ಅದರ ಮ್ಯಾಲೆ ಏನೂ ಹೇಳಾಕ ಬರಂಗಿಲ್ಲ. ದಿಲ್ಲಿಯವರು ಬಂದು ಹೋಗಲಿ, ಆಮ್ಯಾಲೆ ನೋಡೂಣು.”

“ಇಪ್ಪತ್ತರ ಕೆಳಗಿನವರ ಫೋನು ಯಂತ್ರ ಕಟ್ ಮಾಡೋದನ್ನಾದರೂ ನಿಲ್ಲಸೂಣ ಸರ್.”

“ಬ್ಯಾಡ. ಅಷ್ಟು ಮಂದಿಗೆ ಉತ್ತರ ಕೊಡಾಕ ಜನ ಎಲ್ಲಿದಾರ?”

ಶಾಹೀನ್ ಪರದೆಯ ಮೇಲಿನ ಲೆಕ್ಕ ಮುಚ್ಚಿ ತನ್ನ ಕುರ್ಚಿಗೆ ಹೋದಳು.

ಮನೆಯಲ್ಲಿ ಮಗಳು ಸಂಪದಾ, ಪಿಯುಸಿ ಮೊದಲ ವರ್ಷದವಳು, ಅವನು ಬರುವುದನ್ನೇ ಕಾಯುತ್ತಿದ್ದಳು. ತಾಯಿಗೆ ಕೇಳಿಸದಂತೆ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

“ಪಪ್ಪಾ, ಅವ್ವಗ ಏನೋ ಆಗೇತಿ. ನಿನ್ನೆ ಬೋರ್ಡ್ ಮ್ಯಾಲೆ ಲೆಕ್ಕ ಮಾಡಕೋತ ಮಾಡಕೋತ ಅರ್ಧಕ್ಕ ಬಿಟ್ಟು ಹೊರಗ ಹೋಗ್ಯಾಳಂತ. ತಿರಗಿ ಕ್ಲಾಸಿಗೆ ಬರಲೇ ಇಲ್ಲಂತ. ನನ್ನ ಗೆಳತೀ ತಂಗಿ ಹೇಳಿದ್ಲು.”

“ದಣಿವು ಇರಬೇಕು. ಗುಳಿಗಿ ತಗೊಳ್ಳಾಕತ್ತಾಳಿಲ್ಲೋ?”

“ಅವ್ವ ಸರಿ ಉಣ್ಣಂಗಿಲ್ಲ ಪಪ್ಪಾ. ನೀ ಒಮ್ಮೆ ಕೂತು ಕೇಳು.”

“ಕೇಳತೇನಿ,” ಎಂದ. ಕೇಳಲಿಲ್ಲ. ಆ ಸಂಜೆ ದಿಲ್ಲಿಯವರೊಂದಿಗೆ ಮಾತಾಡುವುದಿತ್ತು. ಮರುದಿನ ಇನ್ನೇನೋ ಇತ್ತು. ನಿಜ ಹೇಳಬೇಕೆಂದರೆ ಕೇಳಲು ಅವನಿಗೆ ಒಳಗೊಳಗೆ ಭಯವಿತ್ತು. ಅವಳು ಏನು ಹೇಳಿಬಿಡುತ್ತಾಳೋ ಎಂಬ ಭಯ.

ಆ ವಾರದ ಕೊನೆಯಲ್ಲಿ ಒಂದು ಮಧ್ಯಾಹ್ನ ಮಾಲತೇಶ ಕೆಳಗಿನ ಮಹಡಿಗೆ ಬಂದಾಗ ನಕ್ಷೆಯ ಮೇಲೆ ಹಳದಿಯ ಜೊತೆಗೆ ನೀಲಿ ಚುಕ್ಕೆಗಳೂ ಮಿನುಗುತ್ತಿದ್ದವು. ಹಿಂದೆಂದೂ ಅವನು ನೀಲಿ ಚುಕ್ಕೆ ನೋಡಿರಲಿಲ್ಲ.

“ಇವೇನು?”

“ಇಪ್ಪತ್ತರ ಕೆಳಗಿನವರು ಸರ್,” ಎಂದಳು ಶಾಹೀನ್. “ಯಂತ್ರ ಉತ್ತರ ಹೇಳಿದ ಮ್ಯಾಲೆ ಲೈನ್ ಕಟ್ ಆಗದಂಗ ಮಾಡೇನಿ. ಸಂದೇಶ ಮುಗದ ಮ್ಯಾಲೆ ಅವರು ಏನಂತಾರ ಅಂತ ಮೂರು ದಿನದಿಂದ ಕೇಳಾಕತ್ತೇನಿ.”

“ಯಾರನ್ನ ಕೇಳಿ ಮಾಡಿದ್ರಿ?”

“ಯಾರನ್ನೂ ಕೇಳಿಲ್ಲ. ತಪ್ಪು ನಂದು.” ಅವಳು ತನ್ನ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನ್ ತೆಗೆದು ಅವನ ಕಡೆ ಚಾಚಿದಳು. “ಸ್ವಲ್ಪ ಹೊತ್ತು ಕೇಳ್ರಿ ಸರ್. ಆಮ್ಯಾಲೆ ಬೈರಿ.”

ಸಿಟ್ಟಿನಿಂದಲೇ ಅವನು ಕುರ್ಚಿ ಎಳೆದು ಕೂತ. ಮೊದಲು ಕೇಳಿಸಿದ್ದು ಅವನದೇ ದನಿ.

“ನಮಸ್ಕಾರ. ನಾನು ಡಾಕ್ಟರ್ ಮಾಲತೇಶ ಅಣ್ಣಿಗೇರಿ. ನಿಮ್ಮ ಎಳೆ ಸಂಖ್ಯೆ ಸುರಕ್ಷಿತ ಮಟ್ಟದಲ್ಲಿದೆ. ನೀವು ಗಾಬರಿಯಾಗಲು ಕಾರಣವಿಲ್ಲ. ಚೆನ್ನಾಗಿ ನಿದ್ದೆ ಮಾಡಿ, ದಿನವೂ ಸ್ವಲ್ಪ ನಡೆಯಿರಿ. ಧನ್ಯವಾದ.”

“ನಡಿ ಅಂದ್ರ ಎಲ್ಲಿಗೆ ನಡೀಲಿಪಾ,” ಎಂದಿತು ವಯಸ್ಸಾದ ಗಂಡಸಿನ ದನಿಯೊಂದು. ಕೆಮ್ಮಿ ಫೋನ್ ಇಟ್ಟುಬಿಟ್ಟ. ಮುಂದಿನ ಕರೆಯಲ್ಲಿ ಸಂದೇಶ ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಫ್ಯಾನು ತಿರುಗುವ ಸದ್ದು, ಯಾರೋ ಮೂಗೆಳೆದುಕೊಂಡ ಸದ್ದು, ಅಷ್ಟೇ. ಅದಾದ ಮೇಲಿನ ಕರೆಯಲ್ಲಿ ಮತ್ತೆ ಅವನ ದನಿ, ಅದೇ ನಮಸ್ಕಾರ, ಅದೇ ಧನ್ಯವಾದ. ಅದು ಮುಗಿದ ಮೇಲೆ ಹೆಂಗಸೊಬ್ಬಳು ಉಸಿರು ಬಿಟ್ಟಳು.

“ಇದ ಧ್ವನಿ ಮನ್ಯಾಗೂ ಇದನ್ನ ಹೇಳತೈತಿ,” ಎಂದಳು ಆಕೆ, ಯಾರೂ ಕೇಳುತ್ತಿಲ್ಲವೆಂಬ ನಂಬಿಕೆಯಲ್ಲಿ. “ನಾ ಇನ್ನ ಯಾರಿಗೆ ಹೇಳ್ಲಿ?”

ನಾಗವೇಣಿ.

ಮಾಲತೇಶನ ಮುಂದೆ ಮಾತಾಡುವ ಗುಂಡಿಯಿತ್ತು. ಬೆರಳು ಅದರ ಮೇಲೆಯೇ ಇತ್ತು. ಒತ್ತಿ ‘ನಾಗೂ’ ಎಂದರೆ ಮುಗಿಯಿತು. ಆದರೆ ಆ ಗಳಿಗೆಯಲ್ಲಿ ಅವನ ತಲೆಗೆ ಮೊದಲು ಹೊಳೆದದ್ದು ಹೆಂಡತಿಯಲ್ಲ. ಶಾಹೀನಳಿಗೆ ಗೊತ್ತಾಗಿಬಿಡುತ್ತದೆ ಎಂಬುದು ಹೊಳೆಯಿತು. ದಿಲ್ಲಿಯವರು ಹೊಳೆದರು. ಅಣ್ಣಿಗೇರಿ ಡಾಕ್ಟರನ ಹೆಂಡತಿಯೇ ಎಂದು ಜನ ಆಡುವ ಮಾತು ಹೊಳೆಯಿತು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆದದ್ದು. ಆಮೇಲೆ ಬದುಕಿನುದ್ದಕ್ಕೂ ಅವನಿಗೆ ಅದನ್ನು ಮರೆಯಲಾಗಲಿಲ್ಲ. ಬೆರಳು ಗುಂಡಿಯ ಮೇಲಿಂದ ಜಾರಿತು. ಹೆಡ್‌ಫೋನ್ ಕಿತ್ತು ಶಾಹೀನಳ ಕೈಗೆ ತುರುಕಿ “ನೀವು ಮಾತಾಡ್ರಿ, ಲಗೂನ ಮಾತಾಡ್ರಿ” ಎಂದ.

“ಅಕ್ಕಾರ, ಫೋನ್ ಇಡಬ್ಯಾಡ್ರಿ,” ಎಂದಳು ಶಾಹೀನ್. “ನಾ ಯಂತ್ರ ಅಲ್ರೀ. ನನ್ನ ಹೆಸರು ಶಾಹೀನ್. ನಿಮ್ಮ ಮಾತು ಕೇಳಾಕ ಕುಂತೇನಿ.”

ಆ ಕಡೆಯ ಮಾತು ಮಾಲತೇಶನಿಗೆ ಕೇಳುತ್ತಿರಲಿಲ್ಲ. ಶಾಹೀನಳ ಮುಖ ಮಾತ್ರ ಕಾಣುತ್ತಿತ್ತು.

“ಹೌದ್ರಿ... ಇಲ್ರೀ, ಕಾರಣ ಬೇಕಂತೇನಿಲ್ಲ. ಕಾರಣ ಇಲ್ದನೂ ಬರತೈತಿ ಅದು... ಅಕ್ಕಾರ, ನೇರ ಕೇಳತೇನಿ, ಬ್ಯಾಸರ ಮಾಡಕೋಬ್ಯಾಡ್ರಿ. ಜೀವಾನ ಬ್ಯಾಡ ಅನಸಾಕತ್ತೈತೇನ್ರಿ?”

ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ಮಾಲತೇಶ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದ. ಅವನ ಪ್ರಯೋಗಾಲಯದಲ್ಲಿ ಹತ್ತು ವರ್ಷಗಳಲ್ಲಿ ಯಾರೂ ಯಾರನ್ನೂ ಆ ಪ್ರಶ್ನೆ ಕೇಳಿರಲಿಲ್ಲ.

“ಹೇಳಿದ್ದು ಭಾಳ ಚಲೋ ಮಾಡಿದ್ರಿ,” ಎಂದಳು ಶಾಹೀನ್ ಕೊನೆಗೆ. “ಈಗ ಮನ್ಯಾಗ ಒಬ್ಬರ ಅದೀರೇನ್ರಿ? ನಿಮ್ಮ ಹತ್ರ ಒಬ್ಬಾಕೀನ ಕಳಸತೇನಿ. ಆಕಿ ಬರೂತನಕ ನಾ ಫೋನ್ ಇಡಂಗಿಲ್ಲ. ನಿಮ್ಮ ಮನಿ ಎಲ್ಲಿ ಬರತೈತ್ರಿ?... ಹೇಳ್ರಿ ಅಕ್ಕಾರ. ಯಾರೂ ಏನೂ ಅನ್ನಂಗಿಲ್ಲ.”

ನಾಗವೇಣಿ ವಿಳಾಸ ಹೇಳುತ್ತಿಲ್ಲವೆಂದು ಮಾಲತೇಶನಿಗೆ ತಿಳಿಯಿತು. ಯಾಕೆ ಹೇಳುತ್ತಿಲ್ಲವೆಂದೂ ತಿಳಿಯಿತು. ಅವನ ಮರ್ಯಾದೆ ಕಾಯಲಿಕ್ಕೆ.

“ವಿಜಯನಗರ, ಎರಡನೇ ಕ್ರಾಸ್, ಬೇವಿನ ಗಿಡದ ಎದುರಿನ ಮನಿ,” ಎಂದ ಅವನು. “ನನ್ನ ಮನಿ.”

ಶಾಹೀನ್ ತಲೆಯೆತ್ತಿ ಅವನನ್ನು ನೋಡಿದಳು. ಫೋನಿನಲ್ಲಿ ಮಾತು ಮಾತ್ರ ನಿಲ್ಲಿಸಲಿಲ್ಲ. ಒಂದು ಕೈಯಿಂದ ಕಲಾವತಿಗೆ ಸಂದೇಶ ಕಳಿಸಿದಳು. ವಿಜಯನಗರದ ಮನೆಗಳಿಗೆ ಹೋಗುತ್ತಿದ್ದ ಆಸರೆ ಅಕ್ಕ ಆಕೆ. ಇನ್ನೊಂದು ಕೈಯಿಂದ ಮಾಲತೇಶನಿಗೆ ಬಾಗಿಲು ತೋರಿಸಿದಳು, ಹೋಗಿ ಎಂದು.

ಅವನು ಮನೆ ಮುಟ್ಟುವಷ್ಟರಲ್ಲಿ ಕಲಾವತಿ ಬಂದಾಗಿತ್ತು. ಪಕ್ಕದ ಫಕೀರಪ್ಪನ ಮನೆಯಲ್ಲೇ ಇದ್ದಳಂತೆ, ನಡೆದೇ ಬಂದಿದ್ದಳು. ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿದ್ದಳು. ನಾಗವೇಣಿ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮುಖ ಊದಿಕೊಂಡಿತ್ತು. ಅವನನ್ನು ಕಂಡೊಡನೆ ಸೆರಗಿನಿಂದ ಕಣ್ಣೊರೆಸಿಕೊಂಡು ಏಳಲು ಹೋದಳು.

“ಇಷ್ಟು ಲಗೂ ಬಂದ್ರಿ? ಏನಿಲ್ಲ, ಸುಮ್ನ ಸ್ವಲ್ಪ ತಲಿನೋವು. ಈಕಿ ಬಾಜು ಮನೀಗೆ ಬಂದಿದ್ಲು, ಹಂಗ...”

“ನಾ ಕೇಳಿದ್ನಿ,” ಎಂದ ಮಾಲತೇಶ.

ನಾಗವೇಣಿ ಅವನನ್ನೇ ನೋಡಿದಳು.

“ಕೇಳಿದ್ನಿ ಅಂದ್ರ? ನೀವು ಅಲ್ಲೇ ಇದ್ರೇನು?”

“ಅಲ್ಲೇ ಇದ್ನಿ. ನನ್ನ ಕಿವಿಗೇ ಹಚ್ಚಿಕೊಂಡಿದ್ನಿ.”

“ಮತ್ತ ಆ ಹುಡುಗಿ ಯಾಕ ಮಾತಾಡಿದ್ಲು?”

ಅಡುಗೆಮನೆಯಲ್ಲಿ ಕಲಾವತಿ ಒಲೆಯ ಉರಿ ಸಣ್ಣ ಮಾಡಿ, ಹಿಂಬಾಗಿಲಿನಿಂದ ಹಿತ್ತಲಿಗೆ ಹೋದದ್ದು ಕೇಳಿಸಿತು.

“ನಾಚಿಕಿ ಆತೇನ್ರಿ?” ಎಂದು ನಾಗವೇಣಿ ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿ ಅವಳ ಎದುರು ನೆಲದ ಮೇಲೆ ಕೂತ. ಅವಳ ಮುಖ ನೋಡಲಾಗದೆ ಅವಳ ಪಾದ ನೋಡುತ್ತ ಕೂತ.

“ನನಗೂ ಆಗಿತ್ತು,” ಎಂದಳು ನಾಗವೇಣಿ. “ಎಂಬತ್ತು ತೊಂಬತ್ತು ಇದ್ದವರಿಗೆ ಹಿಂಗಾದ್ರ ಒಂದು ಮಾತು. ಒಂಬತ್ತು ಇದ್ದಾಕೀಗೆ ಏನು ಧಾಡಿ ಅಂತಾರ. ನಾಟಕ ಅಂತಾರ. ನಾನ ಹಂಗ ಅಂದಕೊಂಡೇನಿ ಎಷ್ಟೋ ಸಲ. ನಿಮಗ ಗಟ್ಟ್ಯಾಗಿ ಹೇಳಬೇಕಂತ ಬಂದು, ಬಾಯಿಗೆ ಬಂದದ್ದನ್ನ ನುಂಗೇನಿ. ಅಷ್ಟು ವರ್ಷ ನಿದ್ದಿಗೆಟ್ಟು ಕಟ್ಟೀರಿ ಅದನ್ನ. ನಾ ಹಿಂಗ ಅದೇನಿ ಅಂತ ಗೊತ್ತಾದ್ರ ನಿಮ್ಮ ಲೆಕ್ಕ ತಪ್ಪಾಗತೈತೆಲ್ಲ ಅಂತ ಅಂಜಿದ್ನಿ.”

ಮಾಲತೇಶ ಅಲ್ಲಿಯೇ, ಅವಳ ಪಾದಗಳ ಹತ್ತಿರ, ಮುಖ ಮುಚ್ಚಿಕೊಂಡು ಅತ್ತ. ಸ್ವಲ್ಪ ಹೊತ್ತಾದ ಮೇಲೆ ಅವಳ ಕೈ ಅವನ ತಲೆಯ ಮೇಲೆ ಬಂತು. ಅವಳೇ ತನ್ನನ್ನು ಸಂತೈಸುವಂತಾಯಿತಲ್ಲ ಎಂದು ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

ಮರುದಿನವೇ ಅವಳನ್ನು ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದರು. ವೈದ್ಯೆ ಎಳೆ ಸಂಖ್ಯೆ ಕೇಳಲಿಲ್ಲ. ನಿದ್ದೆ, ಊಟ, ಮನಸ್ಸಿಗೆ ಬರುವ ವಿಚಾರ ಕೇಳಿದಳು. ಇದು ಖಿನ್ನತೆ, ಇದಕ್ಕೆ ಚಿಕಿತ್ಸೆಯಿದೆ, ಆದರೆ ಸ್ವಲ್ಪ ದಿನ ಹಿಡಿಯುತ್ತದೆ ಎಂದಳು. ಹಾಗೆಯೇ ಹಿಡಿಯಿತು. ಮೊದಲ ಔಷಧಿ ಒಗ್ಗಲಿಲ್ಲ, ಬದಲಿಸಬೇಕಾಯಿತು. ಕೆಲವು ದಿನ ನಾಗವೇಣಿ ಮಂಚದಿಂದ ಏಳುತ್ತಲೇ ಇರಲಿಲ್ಲ. ಸಂಪದಾ ಕಾಲೇಜಿನಿಂದ ಬಂದು ಅವಳ ಹೆರಳು ಹಾಕುತ್ತಿದ್ದಳು. ಕಲಾವತಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು, ಮಾತಿದ್ದರೂ, ಇಲ್ಲದಿದ್ದರೂ.

ಆ ದಿನಗಳಲ್ಲಿ ಫಕೀರಪ್ಪ ಒಮ್ಮೆ ಗೇಟಿನ ಹತ್ತಿರ ಸಿಕ್ಕ. ಕಲಾವತಿ ಯಾಕೆ ಬರುತ್ತಾಳೆಂದು ಅವನಿಗೆ ಗೊತ್ತಾಗಿರಲೇಬೇಕು. ಏನಂದಾನೋ ಎಂದು ಮಾಲತೇಶ ಹಿಂಜರಿದು ನಿಂತ. ಜನ ತನ್ನ ಮೇಲೆ ಆಡಿದ್ದನ್ನೆಲ್ಲ ಫಕೀರಪ್ಪ ಈಗ ತಿರುಗಿಸಿ ಇವನ ಮೇಲೆ ಆಡಬಹುದಿತ್ತು.

“ಮೊದಮೊದಲು ಆಕಿ ಬಂದ್ರ ಮೈ ಉರೀತಿತ್ರೀ ನನಗ,” ಎಂದ ಫಕೀರಪ್ಪ. “ಮಂದಿ ನೋಡತಾರ ಅಂತ. ಈಗ ಒಂದು ವಾರ ಬರಲಿಲ್ಲ ಅಂದ್ರ ಬಾಗಲಾ ನೋಡತೇನಿ. ಅಕ್ಕಾರ ಆರಾಮಾಗ್ತಾರ ಬಿಡ್ರಿ.”

ಮಾಲತೇಶ ಕೈಮುಗಿದ.

ದಿಲ್ಲಿಯವರು ಬರುವ ಮೊದಲು ಬೆಂಗಳೂರಿನಲ್ಲಿ ಒಂದು ಸಭೆಯಿತ್ತು. ಹೊರಡುವ ಬೆಳಿಗ್ಗೆ ಮಾಲತೇಶ ಹೆಂಡತಿಯ ಪಕ್ಕದಲ್ಲಿ ಕೂತು, ಅಲ್ಲಿ ತಾನು ಏನು ಹೇಳಲಿದ್ದೇನೆಂದು ಹೇಳಿದ.

“ನನ್ನ ಹೆಸರು ಹೇಳಬ್ಯಾಡ್ರಿ,” ಎಂದಳು ನಾಗವೇಣಿ. ಸ್ವಲ್ಪ ಯೋಚಿಸಿ, “ಬೇಕಂದ್ರ ಒಂಬತ್ತು ಅಂತ ಹೇಳ್ರಿ,” ಎಂದಳು.

ಸಭೆಯಲ್ಲಿ ಶಾಹೀನ್ ಎರಡು ತಾಲೂಕಿನ ಲೆಕ್ಕ ತೋರಿಸಿದಳು. ಅದು ಮುಗಿದ ಮೇಲೆ ಮಾಲತೇಶ ಎದ್ದು ನಿಂತ. ಈ ಸಂಖ್ಯೆಯನ್ನು ನಾನು ಅದರ ಯೋಗ್ಯತೆಗಿಂತ ದೊಡ್ಡದು ಮಾಡಿ ಹೇಳಿದೆ ಎಂದ. ಇಪ್ಪತ್ತರೊಳಗಿದ್ದರೆ ನಿಶ್ಚಿಂತೆಯಿಂದಿರಿ ಎಂದಿದ್ದು ವಿಜ್ಞಾನವಲ್ಲ, ನನ್ನ ಜಂಬ ಎಂದ. ಎಳೆ ಸಂಖ್ಯೆ ಒಂಬತ್ತು ಇರುವ ಒಬ್ಬರು, ಅವರೇ ಆಮೇಲೆ ನನಗೆ ಹೇಳಿದಂತೆ, ಸಹಾಯ ಕೇಳಿ ಮೂರು ಸಲ ಕರೆ ಮಾಡಿದರು, ಮೂರು ಸಲವೂ ಅವರಿಗೆ ಮೊದಲು ಸಿಕ್ಕಿದ್ದು ಗಾಬರಿ ಬೇಡವೆನ್ನುವ ನನ್ನ ದನಿ ಎಂದ. ಆ ಮಾತು ಬಂದಾಗ, ಮೂರು ದಿನ ಉತ್ತರ ಕೊಡದೆ ಬರೀ ಕೇಳಿದ್ದ ಶಾಹೀನ್ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದಳು.

“ಇದನ್ನ ಈಗ ಹೇಳಿದ್ರೆ ಹೇಗೆ ಡಾಕ್ಟ್ರೇ?” ಎಂದರು ಆರೋಗ್ಯ ಇಲಾಖೆಯ ಕಾರ್ಯದರ್ಶಿಗಳು. “ಎಲ್ಲ ಮುದ್ರಣ ಆಗಿದೆ. ಮಂತ್ರಿಗಳು ದಿನ ಕೊಟ್ಟಿದ್ದಾರೆ. ಒಬ್ಬರ ವಿಷಯ ಇಟ್ಕೊಂಡು ಇಷ್ಟು ದೊಡ್ಡ ಯೋಜನೆ ನಿಲ್ಸಕ್ಕಾಗತ್ತಾ?”

“ನಿಲ್ಲಸೋದು ಬ್ಯಾಡ್ರಿ ಸರ್. ಸಂಖ್ಯೆ ನೋಡದನ ಎಲ್ಲರನ್ನೂ ಕೇಳೂಣು ಅನ್ನಾಕತ್ತೇನಿ.”

“ಎಲ್ಲರನ್ನೂ ಕೇಳಕ್ಕೆ ಎಷ್ಟು ಜನ ಬೇಕು ಗೊತ್ತಾ ನಿಮಗೆ?”

“ಗೊತ್ತೈತ್ರಿ. ಇದನ್ನ ಮೊದಲು ನಾನ ಅಂದಿದ್ನಿ.”

ಸುದ್ದಿ ಪತ್ರಿಕೆಗೆ ಹೋಯಿತು. ‘ಲೆಕ್ಕ ತಪ್ಪಿದ ಡಾಕ್ಟರ್’ ಎಂದು ಮುಖಪುಟದಲ್ಲಿ ಅವನ ಫೋಟೋ ಬಂತು. ದಿಲ್ಲಿಯವರು ಬರಲಿಲ್ಲ. ಮಾಲತೇಶನನ್ನು ಆಸರೆ ಯೋಜನೆಯ ನಿರ್ದೇಶಕ ಸ್ಥಾನದಿಂದ ಇಳಿಸಿ ಪ್ರಯೋಗಾಲಯದಲ್ಲಿ ಸುಮ್ಮನೆ ಕೂರಿಸಿದರು. ತರಕಾರಿ ಕೊಳ್ಳಲು ಹೋದರೆ ಜನ ಗುರುತು ಹಿಡಿದು ಒಬ್ಬರಿಗೊಬ್ಬರು ಮೊಣಕೈ ತಿವಿಯುತ್ತಿದ್ದರು. ಅವನು ಸೊಪ್ಪಿನ ಕಟ್ಟು ಚೀಲಕ್ಕೆ ಹಾಕಿಕೊಂಡು ಬೇಗ ಬೇಗ ಹೊರಟುಬಿಡುತ್ತಿದ್ದ. ಆದರೂ ಕೆಲವು ಕೆಲಸ ಆದವು. ಯಂತ್ರದ ಉತ್ತರವನ್ನು ಅಳಿಸಿಹಾಕಿದರು. ಕರೆ ಮಾಡಿದವರು ಯಾರೇ ಆಗಲಿ, ಮನುಷ್ಯರೇ ಎತ್ತಿ ಮಾತಾಡತೊಡಗಿದರು. ಜನ ಸಾಲದೆ ಕಾಲೇಜಿನ ಮಕ್ಕಳು, ನಿವೃತ್ತ ಮೇಷ್ಟ್ರುಗಳು ತರಬೇತಿ ಪಡೆದು ಬಂದರು. ಕೇಂದ್ರದ ಜವಾಬ್ದಾರಿ ಶಾಹೀನಳಿಗೆ ಬಂತು. ಫಕೀರಪ್ಪನಿಗೆ ಹಳೆಯ ಸಾಲೆಯವರು ಕೀಲಿ ಕೊಡಲಿಲ್ಲ, ಇನ್ನೊಂದು ಸಾಲೆಯವರು ಕೊಟ್ಟರು. ಹೆಣ್ಣು ನೋಡಲು ಬಂದವರು ಎಳೆ ಕೇಳುವುದು ಮಾತ್ರ ನಿಲ್ಲಲಿಲ್ಲ. ಒಮ್ಮೆ ಜನರ ಬಾಯಿಗೆ ಕೊಟ್ಟ ಅಂಕಿಯನ್ನು ವಾಪಸು ಇಸಿದುಕೊಳ್ಳಲು ಯಾವ ಪ್ರಯೋಗಾಲಯಕ್ಕೂ ಬರುವುದಿಲ್ಲವೆಂದು ಮಾಲತೇಶನಿಗೆ ಅರ್ಥವಾಯಿತು.

ಬೇಸಿಗೆ ಕಳೆದು ಸಾಲೆ ಶುರುವಾಗುವ ಹೊತ್ತಿಗೆ ನಾಗವೇಣಿ ಅರ್ಧ ದಿನ ಪಾಠ ಮಾಡುವಷ್ಟಾದಳು. ಒಂದು ಭಾನುವಾರ ಬೆಳಿಗ್ಗೆ ಕಲಾವತಿ ಬಂದಾಗ ಮನೆಯ ಮೂವರೂ ಹೊರಗಿನ ಕೋಣೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತಿದ್ದರು. ಕಲಾವತಿ ಮೊದಲು ನಾಗವೇಣಿಯನ್ನು ಹೇಗಿದ್ದೀರಿ ಎಂದು ಕೇಳಿದಳು. ಈ ವಾರ ಎರಡು ದಿನ ಕೆಟ್ಟವಿದ್ದವು, ಉಳಿದವು ನಡೆದವು ಎಂದಳು ನಾಗವೇಣಿ. ಸಂಪದಾಳನ್ನು ಕೇಳಿದಳು. ಅವ್ವ ಮಲಗಿದರೆ ಹೆದರಿಕೆಯಾಗುತ್ತದೆ ಎಂದು ಸಂಪದಾ ಹೇಳಿದಳು. ಹೇಳಿ ಸ್ವಲ್ಪ ಅತ್ತಳು. ನಾಗವೇಣಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಆಮೇಲೆ ಕಲಾವತಿ ಮಾಲತೇಶನ ಕಡೆ ತಿರುಗಿದಳು.

“ನೀವು ಹೆಂಗದೀರಿ ಸರ್?”

“ಆರಾಮ ಅದೇನ್ರಿ,” ಎಂದ ಮಾಲತೇಶ, ತಟ್ಟೆಯಿಂದ ಕಣ್ಣು ತೆಗೆಯದೆ.

ಕಲಾವತಿ ಎದ್ದು ಹೋಗಲಿಲ್ಲ. ಮತ್ತೆ ಕೇಳಲೂ ಇಲ್ಲ. ಹಾಗೆಯೇ ಕೂತಳು. ನಾಗವೇಣಿಯೂ ತಿನ್ನುವುದನ್ನು ನಿಲ್ಲಿಸಿ ಅವನ ಕಡೆ ನೋಡಿದಳು.

ಮಾಲತೇಶ ತಟ್ಟೆ ಕೆಳಗಿಟ್ಟ.

“ಬೆಳಗಾದ ಕೂಡ್ಲೆ ಅದ ನೆನಪಾಗತೈತ್ರಿ,” ಎಂದ. “ಆಕಿ ಧ್ವನಿ ಕೇಳಿ ನಾ ಗುಂಡಿ ಒತ್ತಲಿಲ್ಲ.”

ಕಲಾವತಿ ತನ್ನ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

“ಹೇಳ್ರಿ,” ಎಂದಳು.